"ಅವಳು ಯಾಕೆ ಕಿರುಚಲಿಲ್ಲ?" ಅಂತ ಮಗ ಕೇಳಿದ. ಏನು ಹೇಳಲಿ?

ಇಬ್ಬರು ಮಕ್ಕಳ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 13 ವರ್ಷ, ಮಗಳಿಗೆ 6. ಮೊನ್ನೆ ರಾತ್ರಿ ಟಿವಿಯಲ್ಲಿ ಒಂದು ಅತ್ಯಾಚಾರದ ಕೇಸಿನ ಸುದ್ದಿ ಬರುತ್ತಿತ್ತು. ಆರೋಪಿ ಆ ಹುಡುಗಿಗೆ ಪರಿಚಯದವನೇ. "ಪಕ್ಕದ ರೂಮಿನಲ್ಲೇ ಜನ ಇದ್ದರು, ಆದರೂ ಆಕೆ ಕೂಗಲಿಲ್ಲ" ಅಂತ ಅವನ ಪರ ವಕೀಲರು ವಾದಿಸಿದ್ದಾರಂತೆ. ಚಾನೆಲ್ ಬದಲಿಸೋಣ ಅಂತ ನಾನು ರಿಮೋಟ್ ಹುಡುಕುವಷ್ಟರಲ್ಲಿ ಮಗ ಕೇಳಿಯೇಬಿಟ್ಟ. "ಅಮ್ಮಾ, ಅವಳಿಗೆ ಇಷ್ಟ ಇರಲಿಲ್ಲ ಅಂದ್ರೆ ಕಿರುಚಬಹುದಿತ್ತಲ್ವಾ?"

ಅವನು ಕೆಟ್ಟ ಬುದ್ಧಿಯಿಂದ ಕೇಳಿದ್ದಲ್ಲ. ನಿಜವಾಗಿಯೂ ಅರ್ಥ ಆಗಿರಲಿಲ್ಲ. "ನಾಳೆ ಕೂತು ಮಾತಾಡೋಣ" ಅಂದೆ. ಅವನು ಮರೆಯುವ ಹುಡುಗನಲ್ಲ, ಮತ್ತೆ ಕೇಳೇ ಕೇಳುತ್ತಾನೆ.

ಇನ್ನೊಂದು ವಿಷಯವೂ ಇದೆ. ಅದೇ ವಾರ ಮನೆಗೆ ಬಂದಿದ್ದ ಹಿರಿಯರೊಬ್ಬರು ಮಗಳನ್ನು ತೊಡೆ ಮೇಲೆ ಎಳೆದು ಕೂರಿಸಿಕೊಂಡು ಮುತ್ತು ಕೊಡು ಅಂತ ಹಟ ಹಿಡಿದರು. ಅವಳು ಎರಡೂ ಅಂಗೈಯನ್ನು ಅವರ ಎದೆಗೆ ಒತ್ತಿ ದೂರ ತಳ್ಳುತ್ತಿದ್ದಳು, ಮುಖ ಪೂರ್ತಿ ಆ ಕಡೆ ತಿರುಗಿಸಿದ್ದಳು. ಕೂತವರೆಲ್ಲ ನಗುತ್ತಿದ್ದರು. ನಾನು ಹೋಗಿ ಎತ್ತಿಕೊಂಡೆ. "ಪಾಪ, ನಾಚಿಕೆ ಜಾಸ್ತಿ" ಅಂದರು. ಮಗ ಅಲ್ಲೇ ನಿಂತು ನೋಡುತ್ತಿದ್ದ. ಆ ಸುದ್ದಿಗೂ ಇದಕ್ಕೂ ಏನೋ ಸಂಬಂಧ ಇದೆ ಅಂತ ಮನಸ್ಸು ಹೇಳುತ್ತದೆ. ಹೇಗೆ ಬಿಡಿಸಿ ಹೇಳುವುದು ಗೊತ್ತಾಗುತ್ತಿಲ್ಲ. ನಮ್ಮ ಮನೆಯವರು ಈ ಮಾತಿಗೆಲ್ಲ 13 ತುಂಬಾ ಬೇಗ ಅನ್ನುತ್ತಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಆಪ್ತಸಮಾಲೋಚಕಿ ಬರೆದದ್ದು:

ನಿಮ್ಮ ಮಗ ಇದನ್ನು ನಿಮ್ಮನ್ನೇ ಕೇಳಿದ್ದು ಒಳ್ಳೆಯದಾಯಿತು. ಗೆಳೆಯರ ಗುಂಪಿನಲ್ಲಿ ಕೇಳಿದ್ದರೆ ಸಿಗುವ ಉತ್ತರವೇ ಬೇರೆ.

ನಾನು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಜೊತೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಎದುರು ಕೂತವರು ಮೊದಲು ಕೇಳುವುದು ಆ ಮನುಷ್ಯನ ಬಗ್ಗೆ ಅಲ್ಲ, ತಮ್ಮ ಬಗ್ಗೆಯೇ. "ನಾನ್ಯಾಕೆ ಸುಮ್ನೆ ಇದ್ದೆ ಮೇಡಂ?" ನಿಮ್ಮ ಮಗನ ಪ್ರಶ್ನೆಯನ್ನು ಅವರು ಈಗಾಗಲೇ ನೂರಾರು ಸಲ ತಮಗೆ ತಾವೇ ಕೇಳಿಕೊಂಡಿರುತ್ತಾರೆ. "ಕೈ ಎತ್ತಬೇಕು ಅಂತ ಗೊತ್ತಿತ್ತು, ಆದರೆ ಆ ಕೈ ನನ್ನದೇ ಅಲ್ಲ ಅನ್ನಿಸ್ತಿತ್ತು" ಅನ್ನುವ ಮಾತನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳಿದ್ದೇನೆ. ಒಬ್ಬರಿಗೊಬ್ಬರ ಪರಿಚಯವೇ ಇಲ್ಲದವರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ.

ಅಪಾಯ ಬಂದಾಗ ಮನುಷ್ಯ ಓಡುತ್ತಾನೆ, ಇಲ್ಲವೇ ಹೊಡೆದಾಡುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಇನ್ನೊಂದು ಇದೆ. ದೇಹ ಮರಗಟ್ಟಿಹೋಗುತ್ತದೆ. ಕೈಕಾಲು ಆಡುವುದಿಲ್ಲ, ಗಂಟಲಿನಿಂದ ದನಿ ಹೊರಡುವುದಿಲ್ಲ. ಅದು ಯೋಚಿಸಿ ಮಾಡುವ ಕೆಲಸ ಅಲ್ಲ, ಮೆದುಳು ತಾನಾಗಿಯೇ ಹಾಗೆ ಮಾಡಿಬಿಡುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗಾಗಿಯೇ ಒಂದು ತುರ್ತು ಚಿಕಿತ್ಸಾ ಕೇಂದ್ರ ಇದೆ. ಅಲ್ಲಿಗೆ ಬಂದ 298 ಹೆಂಗಸರನ್ನು ಮಾತಾಡಿಸಿ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ 70% ಮಂದಿಗೆ ದೇಹ ಗಣನೀಯವಾಗಿ ಮರಗಟ್ಟಿತ್ತು. 48% ಮಂದಿಗೆ ಅದು ತುಂಬಾ ತೀವ್ರವಾಗಿತ್ತು. ನನಗೆ ಹೆಚ್ಚು ಕಾಡುವುದು ಅದರ ಮುಂದಿನ ಭಾಗ. ಹಾಗೆ ಮರಗಟ್ಟಿದವರಲ್ಲೇ ಆರು ತಿಂಗಳ ನಂತರ ಖಿನ್ನತೆ ಮತ್ತು ಆಘಾತದಿಂದ ಬರುವ ಮಾನಸಿಕ ತೊಂದರೆ ಜಾಸ್ತಿ ಕಂಡುಬಂತು. ಅಂದರೆ ಯಾರನ್ನು ನಾವು "ಕಿರುಚಲಿಲ್ಲ, ಹಾಗಾಗಿ ಅಷ್ಟೇನೂ ಆಗಿರಲಿಕ್ಕಿಲ್ಲ" ಅಂತ ಅನುಮಾನಿಸುತ್ತೇವೋ ಅವರಿಗೇ ಪೆಟ್ಟು ಹೆಚ್ಚು ಬಿದ್ದಿರಬಹುದು.

ಮರಗಟ್ಟದೇ ಇದ್ದವರೂ ಕೂಗದಿರಬಹುದು. ಹೆಚ್ಚಿನ ಪ್ರಕರಣಗಳಲ್ಲಿ ಮಾಡಿದವನು ಪರಿಚಯದವನೇ. ಗೆಳೆಯ, ಸಂಬಂಧಿಕ, ಮೇಲಧಿಕಾರಿ, ಗಂಡ. ಕೂಗಿದರೆ ಹೊಡೆದಾನು, ಯಾರೂ ನಂಬಲಿಕ್ಕಿಲ್ಲ, ಕೆಲಸ ಹೋದೀತು ಅಂತೆಲ್ಲ ಆ ಕ್ಷಣದಲ್ಲೇ ತಲೆಯಲ್ಲಿ ಲೆಕ್ಕ ಓಡುತ್ತಿರುತ್ತದೆ. ಕೆಲವರು ಅವನನ್ನು ಸಮಾಧಾನ ಮಾಡಲು ಒಳ್ಳೆಯ ಮಾತಾಡುತ್ತಾರೆ. ಮಾರನೇ ದಿನ ಏನೂ ಆಗದವರ ಹಾಗೆ ಅವನಿಗೆ ಮೆಸೇಜ್ ಮಾಡುವವರೂ ಇದ್ದಾರೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅದನ್ನು ಅನುಭವಿಸಿದವರಿಗೆ ಆ ಹೊತ್ತಿಗೆ ಜೀವ ಹಿಡಿದುಕೊಳ್ಳಲು ಕಂಡ ದಾರಿ ಅದೊಂದೇ.

ಮಗನಿಗೆ ಇಷ್ಟೆಲ್ಲ ಹೇಳಬೇಕಾಗಿಲ್ಲ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: "ತುಂಬಾ ಹೆದರಿದಾಗ ಮೈ ಕಲ್ಲಾಗಿಬಿಡುತ್ತೆ ಕಣೋ, ಬಾಯಿ ಬರಲ್ಲ. ನಿನಗೂ ಆಗಬಹುದು, ನನಗೂ ಆಗಬಹುದು. ಅವಳು ಕಿರುಚಿದಳಾ ಅನ್ನೋದನ್ನ ಬಿಡು. ಅವಳಿಗೆ ಇಷ್ಟ ಇದೆಯಾ ಅಂತ ಅವನು ಕೇಳಿದನಾ? ಅವಳು ಸುಮ್ಮನಾದಾಗ ಅವನು ನಿಲ್ಲಿಸಿದನಾ?" ಇಷ್ಟು ಹೇಳಿ ಸುಮ್ಮನಿರಿ. ಅವನು ಯೋಚಿಸಲಿ.

ಇನ್ನು ತೊಡೆ ಮೇಲೆ ಕೂರಿಸಿಕೊಂಡ ವಿಷಯ. ನಿಮ್ಮ ಮನಸ್ಸು ಹೇಳಿದ್ದು ಸರಿ. ನಿಮ್ಮ ಮಗ ಆ ದಿನ ಕಂಡದ್ದೇನು? ಚಿಕ್ಕವಳು ಎರಡೂ ಕೈಯಿಂದ ತಳ್ಳುತ್ತಿದ್ದಾಳೆ, ದೊಡ್ಡವರು ಬಿಡುತ್ತಿಲ್ಲ, ಎಲ್ಲರೂ ನಗುತ್ತಿದ್ದಾರೆ. ಬೇಡ ಅನ್ನುವುದು ಆಟದ ಒಂದು ಭಾಗ, ಸ್ವಲ್ಪ ಒತ್ತಾಯ ಮಾಡಿದರೆ ಸರಿಹೋಗುತ್ತದೆ ಅನ್ನುವ ಪಾಠ ಮಕ್ಕಳಿಗೆ ಇಂಥ ಕಡೆಯೇ ಸಿಗುವುದು. ಆ ಹಿರಿಯರು ಪ್ರೀತಿಯಿಂದಲೇ ಕರೆದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಎರಡು ಅಂಗೈ ಕೊಟ್ಟದ್ದು ಸ್ಪಷ್ಟ ಉತ್ತರ. ಮುಂದಿನ ಸಲ ಎಲ್ಲರೆದುರು ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿ: "ಅವಳಿಗೆ ಈಗ ಬೇಡವಂತೆ." ಬೇಕಾದರೆ ದೂರದಿಂದ ಕೈ ಬೀಸಲಿ. ಮಗ ಇದನ್ನೂ ನೋಡುತ್ತಾನೆ.

ಮಗಳಿಗೆ "ಯಾರಾದರೂ ಮುಟ್ಟಿದರೆ ಜೋರಾಗಿ ಕೂಗು" ಅಂತಷ್ಟೇ ಹೇಳಿಕೊಟ್ಟು ನಿಲ್ಲಿಸಬೇಡಿ. ಆರು ವರ್ಷದ ಮಗುವಿನ ಹೆಗಲಿಗೆ ಕಾವಲಿನ ಕೆಲಸ ಹೊರಿಸಿದ ಹಾಗಾಗುತ್ತದೆ. ಕೂಗಲು ಆಗದೇ ಹೋದರೆ ತಪ್ಪು ತನ್ನದೇ ಅಂತ ಅದು ಬಾಯಿ ಮುಚ್ಚಿಕೊಳ್ಳುತ್ತದೆ. "ಹೇಳೋಕೆ ಆಗದಿದ್ದರೂ ಪರವಾಗಿಲ್ಲ. ಎಷ್ಟು ದಿನ ಆದ ಮೇಲಾದರೂ ನನ್ನ ಹತ್ತಿರ ಹೇಳು, ನಾನು ಬೈಯಲ್ಲ" ಅನ್ನುವ ಮಾತನ್ನೂ ಜೊತೆಗೆ ಸೇರಿಸಿ. ದೇಹದ ಎಲ್ಲ ಭಾಗಗಳ ಹೆಸರೂ ಅವಳಿಗೆ ಸರಿಯಾಗಿ ಗೊತ್ತಿರಲಿ, ಇಲ್ಲದಿದ್ದರೆ ಎಲ್ಲಿ ಏನಾಯಿತು ಅಂತ ಹೇಳಲು ಅವಳ ಹತ್ತಿರ ಪದವೇ ಇರುವುದಿಲ್ಲ. ಅಮ್ಮನಿಗೆ ಹೇಳಬೇಡ ಅಂತ ದೊಡ್ಡವರು ಯಾರಾದರೂ ಗುಟ್ಟು ಮಾಡಿದರೆ ಅದನ್ನು ಕಾಪಾಡಬೇಕಾಗಿಲ್ಲ ಅಂತಲೂ ಹೇಳಿಡಿ.

ಹೈಸ್ಕೂಲ್ ಮೇಷ್ಟ್ರು ಬರೆದದ್ದು:

ಮೇಡಂ ಬರೆದದ್ದಕ್ಕೆ ನನ್ನ ಕ್ಲಾಸಿನ ಒಂದು ಅನುಭವ ಸೇರಿಸುತ್ತೇನೆ. ನಾನು ಎಂಟು, ಒಂಬತ್ತನೇ ತರಗತಿಗೆ ಪಾಠ ಮಾಡುತ್ತೇನೆ. 13 ಬೇಗ ಅಲ್ಲ ಅಕ್ಕಾ. ಆ ಹೊತ್ತಿಗೆ ಮಕ್ಕಳು ಫೋನಿನಲ್ಲಿ ಏನೇನೋ ನೋಡಿಯಾಗಿರುತ್ತದೆ. ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ನಾನು ಒಂದು ಆಟ ಆಡಿಸುತ್ತೇನೆ. ಇಬ್ಬಿಬ್ಬರು ಕ್ಲಾಸಿನ ಎರಡು ತುದಿಯಲ್ಲಿ ಎದುರುಬದುರು ನಿಲ್ಲಬೇಕು. ಒಬ್ಬರು ನಿಧಾನಕ್ಕೆ ನಡೆದು ಬರಬೇಕು. ನಿಂತವರು ಮಾತಾಡುವ ಹಾಗಿಲ್ಲ, ಕೈ ತೋರಿಸುವ ಹಾಗೂ ಇಲ್ಲ. ಎದುರಿನವರಿಗೆ ಇಷ್ಟು ಹತ್ತಿರ ಸಾಕು ಅಂತ ಅನ್ನಿಸಿದ ಕಡೆ ನಡೆಯುವವರೇ ನಿಲ್ಲಬೇಕು. ಅವರು ನಿಂತ ಜಾಗಕ್ಕೆ ಒಂದು ಸೀಮೆಸುಣ್ಣದ ಗೆರೆ. ಆಮೇಲೆ, "ನಿನಗೆ ಅವರು ಎಲ್ಲಿ ನಿಲ್ಲಬೇಕಿತ್ತು?" ಅಂತ ನಿಂತವರನ್ನು ಕೇಳಿ ಇನ್ನೊಂದು ಗೆರೆ. ಎರಡೂ ಗೆರೆ ಒಂದೇ ಕಡೆ ಬೀಳುವುದು ಅಪರೂಪ. ಬೇಕಾದ ಗೆರೆ ಹೆಚ್ಚಾಗಿ ಒಂದೆರಡು ಹೆಜ್ಜೆ ಹಿಂದೆಯೇ ಇರುತ್ತದೆ. ಪ್ರಾಣಸ್ನೇಹಿತರ ನಡುವೆಯೂ ಹೀಗೇ. "ನಂಗೆ ಅವನ ಮನಸ್ಸು ಗೊತ್ತು ಅನ್ಕೊಂಡಿದ್ದೆ ಸಾರ್" ಅಂತ ಒಬ್ಬ ಹುಡುಗ ನೆಲದ ಮೇಲಿನ ಗೆರೆಯನ್ನೇ ನೋಡುತ್ತಾ ಹೇಳಿದ. ಎರಡನೇ ಸುತ್ತಿನಲ್ಲಿ, ಪ್ರತಿ ಹೆಜ್ಜೆಗೂ "ಬರಲಾ?" ಅಂತ ಕೇಳಬಹುದು ಅನ್ನುತ್ತೇನೆ. ಆಗ ಗೆರೆ ಎರಡೂ ಒಂದೇ ಕಡೆ ಬೀಳುತ್ತವೆ.

"ಹಾಗೆಲ್ಲ ಕೇಳ್ತಾ ಕೂತ್ರೆ ಮಜಾ ಹೋಗಲ್ವಾ ಸಾರ್?" ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ. ಒಂದು ಸಲ ನಾನು ಉತ್ತರ ಕೊಡುವ ಮೊದಲೇ ಒಬ್ಬಳು ಹುಡುಗಿ ಹೇಳಿದಳು, "ಕೇಳಿದ್ರೆ ಹೋಗೋ ಮಜಾ ನಿಂಗೊಬ್ಬನಿಗೇ ಇದ್ದಿದ್ದು." ಅವತ್ತು ಆ ಪ್ರಶ್ನೆಗೆ ನಾನು ಏನೂ ಸೇರಿಸಲಿಲ್ಲ.

ಹುಡುಗರಿಗೆ ಅತಿ ಕಷ್ಟ ಆಗುವುದು ಕೇಳುವುದಲ್ಲ, ಬೇಡ ಅಂದದ್ದನ್ನು ತಡೆದುಕೊಳ್ಳುವುದು. ಅವಮಾನ ಆದ ಹಾಗೆ ಮುಖ ಕೆಂಪಾಗುತ್ತದೆ. ಆ ಅವಮಾನವೇ ಆಮೇಲೆ ಸಿಟ್ಟು, ಬೆನ್ನು ಹತ್ತುವುದು, ಫೋಟೋ ಹರಿಬಿಡುವುದು ಅಂತೆಲ್ಲ ಆಗುತ್ತದೆ. ಅದಕ್ಕೇ ಕ್ಲಾಸಿನಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಿಸುತ್ತೇನೆ. "ಸರಿ, ಪರವಾಗಿಲ್ಲ" ಅಂದು ವಿಷಯ ಬದಲಿಸುವುದು, ಅಷ್ಟೇ. ಮೊದಲು ನಗುತ್ತಾರೆ. ಹತ್ತು ಸಲ ಹೇಳಿದ ಮೇಲೆ ನಾಲಿಗೆಗೆ ರೂಢಿಯಾಗುತ್ತದೆ. ನಿಮ್ಮ ಮಗನಿಗೂ ಮನೆಯಲ್ಲಿ ಇದನ್ನು ಮಾಡಿಸಬಹುದು. ತಂಗಿಗೆ ಕಚಗುಳಿ ಇಡುವಾಗ ಅವಳು "ಸಾಕು" ಅಂದ ತಕ್ಷಣ ಕೈ ತೆಗೆಯಬೇಕು, ಅವಳು ನಗುತ್ತಾ ಹೇಳಿದರೂ ಸರಿ. ಇದರಷ್ಟು ಸುಲಭದ ಪಾಠ ಇನ್ನೊಂದಿಲ್ಲ.

ಒಬ್ಬ ಅಪ್ಪ ಬರೆದದ್ದು:

ನನ್ನ ಅಭಿಪ್ರಾಯ ಬೇರೆ, ಬೇಜಾರು ಮಾಡಿಕೊಳ್ಳಬೇಡಿ. ಈ ವಯಸ್ಸಿಗೆ ಇದನ್ನೆಲ್ಲ ತಲೆಗೆ ತುಂಬಿದರೆ ಮಕ್ಕಳಿಗೆ ಇಲ್ಲದ ಕುತೂಹಲ ಹುಟ್ಟುವುದಿಲ್ಲವೇ? ಸುಳ್ಳು ದೂರುಗಳೂ ಇವೆ. ಬಾಯಿಬಿಟ್ಟು ಬೇಡ ಅನ್ನದಿದ್ದರೆ ಗಂಡಸಿಗೆ ಹೇಗೆ ಗೊತ್ತಾಗಬೇಕು? ನನಗೂ ಮಗ ಇದ್ದಾನೆ, ಆ ಭಯದಿಂದಲೇ ಕೇಳುತ್ತಿದ್ದೇನೆ.

ಆಪ್ತಸಮಾಲೋಚಕಿ ಬರೆದದ್ದು:

ಸರ್, ನಿಮ್ಮ ಭಯ ಅರ್ಥವಾಗುತ್ತದೆ. ಕೇಳಿದ್ದು ಒಳ್ಳೆಯದೇ.

ಕುತೂಹಲದ ಮಾತಿಗೆ: ಲೈಂಗಿಕ ಶಿಕ್ಷಣದ ಬಗ್ಗೆ ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಇಂಥ ಪಾಠದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ. ಕೆಲವು ಕಡೆ ಅದು ಶುರುವಾಗುವ ವಯಸ್ಸು ಮುಂದಕ್ಕೇ ಹೋಗಿದೆ.

ಸುಳ್ಳು ದೂರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಹತ್ತು ವರ್ಷಗಳಲ್ಲಿ ಬಂದ 136 ದೂರುಗಳನ್ನು ಒಂದೊಂದಾಗಿ ಪರಿಶೀಲಿಸಿದ ಅಧ್ಯಯನ 2010ರಲ್ಲಿ ಬಂತು. ಅದರಲ್ಲಿ 8 ಸುಳ್ಳು ಅಂತ ತೀರ್ಮಾನವಾಯಿತು, ಅಂದರೆ 5.9%. ಇನ್ನೊಂದು ಪಕ್ಕದಲ್ಲಿ, ದೂರು ಕೊಡದೇ ಉಳಿದವರ ಗುಂಪು ತುಂಬಾ ದೊಡ್ಡದು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಯಾವ ಠಾಣೆಯ ಮೆಟ್ಟಿಲನ್ನೂ ಹತ್ತಿದವರಲ್ಲ.

ಗಂಡಸಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗದಿದ್ದರೆ ಕೇಳಬೇಕು. ಉತ್ತರ ಸ್ಪಷ್ಟ ಇಲ್ಲದಿದ್ದರೆ ನಿಲ್ಲಿಸಬೇಕು. ನಿಲ್ಲಿಸಿದ್ದರಿಂದ ಯಾರ ಬದುಕೂ ಹಾಳಾಗುವುದಿಲ್ಲ. ಹೆದರಿಸಿ, ಗೋಳು ಹುಯ್ದು, "ನನ್ನ ಮೇಲೆ ಪ್ರೀತಿ ಇದ್ರೆ" ಅಂತ ಕಟ್ಟಿಹಾಕಿ ಪಡೆದ ಹೂಂ ಒಪ್ಪಿಗೆಯಲ್ಲ. ನಿದ್ದೆಯಲ್ಲಿರುವವರು, ಕುಡಿದು ಎಚ್ಚರ ತಪ್ಪಿದವರು ಒಪ್ಪಿಗೆ ಕೊಡಲಾರರು. ಹೋದ ವಾರ ಒಪ್ಪಿದ್ದು ಇವತ್ತಿಗೆ ಅನ್ವಯಿಸುವುದಿಲ್ಲ, ಶುರುವಾದ ಮೇಲೂ ಬೇಡ ಅನ್ನಬಹುದು. ಮುತ್ತಿಗೆ ಒಪ್ಪಿದವರು ಉಳಿದದ್ದಕ್ಕೆಲ್ಲ ಒಪ್ಪಿದ ಹಾಗಲ್ಲ. ಮಾರ್ಕ್ಸ್ ಕೊಡುವವರು, ಸಂಬಳ ಕೊಡುವವರು ಕೇಳಿದಾಗ ಎದುರಿನವರಿಗೆ ಇಲ್ಲ ಅನ್ನುವ ಸ್ವಾತಂತ್ರ್ಯ ನಿಜವಾಗಿ ಇದೆಯಾ ಅಂತಲೂ ನೋಡಬೇಕು.

ಕಾನೂನು ಕೂಡ ಈ ದಿಕ್ಕಿಗೇ ಬಂದಿದೆ. ಬಲ್ಗೇರಿಯಾದ 14 ವರ್ಷದ ಹುಡುಗಿಯೊಬ್ಬಳ ಕೇಸನ್ನು, ಆಕೆ ಪ್ರತಿಭಟಿಸಿದ್ದಕ್ಕೆ ಸಾಕ್ಷಿ ಸಾಲದು ಅಂತ ಅಲ್ಲಿಯ ಅಧಿಕಾರಿಗಳು ಮುಚ್ಚಿದ್ದರು. 2003ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದು ತಪ್ಪು ಅಂದಿತು. ಭಾರತದಲ್ಲಿ ಅತ್ಯಾಚಾರದ ಕಾನೂನಿಗೆ 2013ರಲ್ಲಿ ತಂದ ತಿದ್ದುಪಡಿ, ದೈಹಿಕವಾಗಿ ಪ್ರತಿರೋಧ ತೋರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಅಂತ ಭಾವಿಸುವಂತಿಲ್ಲ ಅಂತ ಬರೆದಿಟ್ಟಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಸ್ವೀಡನ್ 2018ರಿಂದ, ಬಲಪ್ರಯೋಗ, ಬೆದರಿಕೆ ಇಲ್ಲದಿದ್ದರೂ ಇಷ್ಟಪಟ್ಟು ಸೇರದ ಸಂಬಂಧ ಅಪರಾಧ ಅನ್ನುತ್ತದೆ. ನಿಮ್ಮ ಮಗ ಇದನ್ನು ತಿಳಿದು ಬೆಳೆದರೆ ನಿಮ್ಮ ಭಯವೂ ಕಡಿಮೆಯಾಗುತ್ತದೆ, ಅಲ್ವಾ?

ಹೆಸರು ಬೇಡ ಅಂದವರು ಬರೆದದ್ದು:

ನಾನು ಗಂಡಸು. ಎಲ್ಲರೂ ಹುಡುಗಿಯರ ಬಗ್ಗೆಯೇ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಚಿಕ್ಕವನಿದ್ದಾಗ ಮನೆಯವರೆಲ್ಲ ನಂಬಿದ್ದ ಒಬ್ಬರಿಂದ ನನಗೂ ಇದು ಆಗಿದೆ. ನಾನೂ ಕಿರುಚಲಿಲ್ಲ. ಹುಡುಗನಿಗೂ ಹೀಗೆ ಆಗುತ್ತದೆ ಅನ್ನುವುದೇ ಆಗ ನನಗೆ ಗೊತ್ತಿರಲಿಲ್ಲ. ಅದಕ್ಕೆ ಏನಂತ ಹೆಸರಿಡುವುದು? ದೊಡ್ಡವನಾದ ಮೇಲೆ ಅಮ್ಮನಿಗೆ ಹೇಳಿದೆ. ಅವರ ಬಾಯಿಂದ ಬಂದ ಮೊದಲ ಮಾತು "ಆಗಲೇ ಯಾಕೆ ಹೇಳಲಿಲ್ಲ?" ಪ್ರೀತಿಯಿಂದಲೇ ಕೇಳಿದರು. ಆದರೂ ಆಮೇಲೆ ಬಹಳ ಕಾಲ ನಾನು ಯಾರ ಹತ್ತಿರವೂ ಆ ಮಾತೆತ್ತಲಿಲ್ಲ.

ಯುನಿಸೆಫ್ 2024ರಲ್ಲಿ ಜಗತ್ತಿನ ಲೆಕ್ಕ ಕೊಟ್ಟಿತು. 18 ತುಂಬುವ ಮೊದಲೇ ಅತ್ಯಾಚಾರ ಅಥವಾ ಲೈಂಗಿಕ ಹಲ್ಲೆಗೆ ಒಳಗಾದ ಹುಡುಗಿಯರು, ಹೆಂಗಸರು 37 ಕೋಟಿಗಿಂತ ಹೆಚ್ಚು. ಹುಡುಗರು, ಗಂಡಸರು 24ರಿಂದ 31 ಕೋಟಿ. ಆ ಅಂಕಿ ಓದಿದ ದಿನ ನಾನು ಒಬ್ಬನೇ ಅಲ್ಲ ಅಂತ ಮೊದಲ ಸಲ ಅನ್ನಿಸಿತು. ಅಕ್ಕಾ, ಮಗಳಿಗೆ ಹೇಳುವುದನ್ನೆಲ್ಲ ಮಗನಿಗೂ ಹೇಳಿ. ಅವನು ತಪ್ಪು ಮಾಡದಿರಲಿ ಅಂತ ಮಾತ್ರ ಅಲ್ಲ.

ಇಬ್ಬರು ಮಕ್ಕಳ ಅಮ್ಮ ಬರೆದದ್ದು:

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಬರೆದವರೇ, ನೀವು ಹೇಳಿದ್ದನ್ನು ನಾನು ನಂಬುತ್ತೇನೆ. ಮಗನಿಗೆ ಅದನ್ನೂ ಹೇಳಿದೆ.

ಮೈ ಕಲ್ಲಾಗುವುದನ್ನು ಹೇಳಿದಾಗ ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಹಾಗಾದ್ರೆ ಸುಮ್ನೆ ಇದ್ರೆ ಬೇಡ ಅಂತಾನೇ ಅರ್ಥನಾ?" ಅಂದ. "ಏನು ಅಂತ ಗೊತ್ತಿಲ್ಲ ಅಂತ ಅರ್ಥ. ಗೊತ್ತಾಗೋವರೆಗೂ ನಿಲ್ಲಿಸ್ಬೇಕು" ಅಂದೆ. ಮನೆಯವರು ಪೇಪರ್ ಓದುತ್ತಾ ಕೂತಿದ್ದರು, ಎದ್ದು ಹೋಗಲಿಲ್ಲ.

ಇನ್ನೊಂದೇ ಪ್ರಶ್ನೆ ಮೇಡಂ. ನಾಳೆ ಯಾರಾದರೂ ನಮ್ಮ ಹತ್ತಿರ ಬಂದು ಹೀಗಾಯಿತು ಅಂತ ಹೇಳಿಕೊಂಡರೆ ಮೊದಲು ಏನು ಮಾಡಬೇಕು?

ಆಪ್ತಸಮಾಲೋಚಕಿ ಬರೆದದ್ದು:

"ಹೇಳಿದ್ದು ಒಳ್ಳೇದಾಯ್ತು. ನಾನು ನಂಬ್ತೀನಿ. ನಿನ್ನ ತಪ್ಪಲ್ಲ." ಈ ಮೂರು ಮಾತು ಮೊದಲು. ಯಾಕೆ ಹೋದೆ, ಯಾಕೆ ಹೇಳಲಿಲ್ಲ ಅಂತ ಯಾಕೆಯಿಂದ ಶುರುವಾಗುವ ಯಾವ ಪ್ರಶ್ನೆಯೂ ಬೇಡ. ಅವರು ಹೇಳುವ ಕತೆ ಹಿಂದುಮುಂದಾದರೆ, ನಡುವೆ ಬಿಟ್ಟುಹೋದರೆ ಸುಳ್ಳು ಅಂದುಕೊಳ್ಳಬೇಡಿ. ಅಷ್ಟು ಭಯದಲ್ಲಿ ನೆನಪು ತುಂಡುತುಂಡಾಗಿ ಉಳಿಯಬಹುದು. ಸಮಾಧಾನ ಮಾಡಲು ಕೈ ಹಿಡಿಯುವ ಮೊದಲೂ ಕೇಳಿ.

ಇತ್ತೀಚೆಗೆ ಆಗಿದ್ದರೆ ಆಸ್ಪತ್ರೆಗೆ ಬೇಗ ಹೋಗುವುದು ಮುಖ್ಯ. ಎಚ್‌ಐವಿ ಬಾರದಂತೆ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆಗೆ 5 ದಿನಗಳವರೆಗೆ ಅವಕಾಶ ಇದೆ, ಅದೂ ತಡವಾದಷ್ಟು ಕೆಲಸ ಕಡಿಮೆ. ಸಾಧ್ಯವಾದರೆ ಸ್ನಾನ ಮಾಡುವ ಮೊದಲೇ ಹೋಗಲಿ. ಬಟ್ಟೆ ಒಗೆಯದೆ ಪೇಪರ್ ಕವರಿನಲ್ಲಿ ಹಾಕಿಡಿ. ಪ್ಲಾಸ್ಟಿಕ್ ಬೇಡ, ತೇವ ಕಟ್ಟಿ ಸಾಕ್ಷಿ ಹಾಳಾಗುತ್ತದೆ. ದೊಡ್ಡವರಾಗಿದ್ದರೆ ಪೊಲೀಸರಿಗೆ ದೂರು ಕೊಡುವುದೋ ಬೇಡವೋ ಅನ್ನುವುದು ಅವರ ತೀರ್ಮಾನ. ಅವರ ಪರವಾಗಿ ನೀವು ತೀರ್ಮಾನ ಮಾಡಬೇಡಿ, ಅವರು ಕೇಳಿದಾಗ ಜೊತೆಗೆ ಹೋಗಿ. ಮಗುವಾಗಿದ್ದರೆ ಹಾಗಲ್ಲ, ರಕ್ಷಣೆಗೆ ದೊಡ್ಡವರೇ ತಕ್ಷಣ ಮುಂದಾಗಬೇಕು, ಆ ವ್ಯಕ್ತಿಯ ಹತ್ತಿರ ಮತ್ತೆ ಬಿಡಬಾರದು. ಸ್ನಾನ ಮಾಡಿಯಾಗಿದೆ, ದಿನಗಳು ಕಳೆದಿವೆ ಅಂತ ಯಾರೂ ವೈದ್ಯರ ಹತ್ತಿರ ಹೋಗದೇ ಉಳಿಯಬಾರದು. ಗಾಯ ಮತ್ತು ಸೋಂಕಿಗೆ ಆಗಲೂ ಚಿಕಿತ್ಸೆ ಇದೆ, ಮನಸ್ಸಿಗಂತೂ ವರ್ಷಗಳ ನಂತರವೂ ಇದೆ.